ಎರಡು ವರ್ಷದ ಮಗುವಿಗೆ ಯಾವ ಪಾರ್ಕು? ಪಿಲಿಕುಳದಿಂದ ದುಬೈವರೆಗೆ ಒಂದು ಹೋಲಿಕೆ

ಕರಾವಳಿಯ ಮನೆಗಳಿಗೆ ಥೀಮ್ ಪಾರ್ಕಿನ ಕರೆ ಎರಡು ದಿಕ್ಕಿನಿಂದ ಬರುತ್ತದೆ. ಘಟ್ಟದ ಮೇಲಿಂದ, ಬೆಂಗಳೂರಿನಲ್ಲಿರುವ ಭಾವ “ಈ ಸಲ ವಂಡರ್‌ಲಾಕ್ಕೆ ಹೋಗುವ, ಮಕ್ಕಳನ್ನು ಕರ್ಕೊಂಡು ಬನ್ನಿ” ಎನ್ನುತ್ತಾರೆ. ಕಡಲಾಚೆಯಿಂದ, ದುಬೈಯಲ್ಲಿರುವ ಅಕ್ಕ “ವೀಸಾ ನಾವು ಮಾಡಿಸ್ತೇವೆ, ನೀವು ಟಿಕೆಟ್ ಮಾತ್ರ ನೋಡಿ” ಎನ್ನುತ್ತಾಳೆ. ನಡುವೆ ಅಜ್ಜಿಯದ್ದು ಒಂದೇ ಮಾತು: “ಅಷ್ಟು ಸಣ್ಣದನ್ನು ಅಷ್ಟು ದೂರ ಯಾಕೆ, ನಮ್ಮ ಮಂಗಳೂರಿನ ಪಿಲಿಕುಳ ಸಾಲದಾ?” ಮೂವರ ಮಾತಿನಲ್ಲೂ ಸತ್ಯ ಉಂಟು. ಒಂದೂವರೆಯಿಂದ ಮೂರೂವರೆ ವರ್ಷದ ಮಗು ಇರುವವರು ಯಾರ ಮಾತನ್ನು ಯಾವಾಗ ಕೇಳಬೇಕು ಎನ್ನುವುದು ಇಲ್ಲಿಯ ವಿಷಯ.

ಪಾರ್ಕುಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ರೈಡ್‌ಗಳ ಸಂಖ್ಯೆ. ಈ ಪ್ರಾಯದ ಮಗುವಿಗೆ ಆ ಸಂಖ್ಯೆಯಿಂದ ಆಗಬೇಕಾದ್ದು ಏನೂ ಇಲ್ಲ. ನೀವು ನೋಡಬೇಕಾದ್ದು ಎರಡು: ಮಗುವಿನ ಎತ್ತರ, ಮಧ್ಯಾಹ್ನದ ನಿದ್ದೆ. ಈ ಎರಡನ್ನು ಹಿಡಿದುಕೊಂಡು ಹೋಲಿಸಿದರೆ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ.

ಎತ್ತರದ ಲೆಕ್ಕ

ನಮ್ಮ ಕಡೆಯ ದೊಡ್ಡ ಪಾರ್ಕುಗಳಲ್ಲಿ ಟಿಕೆಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪುಕ್ಕಟೆ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಎರಡು ವರ್ಷದ ಗಂಡುಮಗುವಿನ ನಡುಮಟ್ಟದ ಎತ್ತರ ಸುಮಾರು 87 ಸೆಂ.ಮೀ., ಹೆಣ್ಣುಮಗುವಿನದು 86. ಮೂರು ತುಂಬುವಾಗ 95ರ ಆಸುಪಾಸು, ಐದಕ್ಕೆ 110ರ ಹತ್ತಿರ. ಅಂದರೆ ಎರಡನೇ ಹುಟ್ಟುಹಬ್ಬದ ಹೊತ್ತಿಗೆ ಟಿಕೆಟ್ ಶುರು, ಆದರೆ ದೊಡ್ಡ ರೈಡ್‌ಗಳ ಎದುರು ನಿಲ್ಲಿಸಿರುವ ಅಳತೆಗೋಲನ್ನು ಮುಟ್ಟಲು ಇನ್ನೂ ವರ್ಷಗಟ್ಟಲೆ ಕಾಯಬೇಕು. ಎರಡರಿಂದ ನಾಲ್ಕರ ನಡುವಿನ ಮಗುವಿಗೆ ಹಣ ಕೊಟ್ಟು ಒಳಗೆ ಹೋಗಿ ಕುದುರೆ ತೊಟ್ಟಿಲು, ಪುಟಾಣಿ ರೈಲು, ಮೊಣಕಾಲು ಮುಳುಗದ ನೀರಿನ ಕೊಳ ಇಷ್ಟರಲ್ಲೇ ತೃಪ್ತಿಪಡಬೇಕಾಗುತ್ತದೆ.

ಮಗುವಿಗೆ ಅಷ್ಟು ಧಾರಾಳ ಸಾಕು, ಅದು ಬೇರೆ ಮಾತು. ಕೊಳದ ಅಂಚಿನಲ್ಲಿ ಕೂತು ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ಚೆಲ್ಲುವುದರಲ್ಲೇ ಅದಕ್ಕೆ ಒಂದು ಗಂಟೆ ಹೋಗುತ್ತದೆ. ಹೊಟ್ಟೆ ಉರಿಯುವುದು ಟಿಕೆಟ್ ತೆತ್ತ ಅಪ್ಪನಿಗೆ.

ಹೊರಡುವ ಮುಂಚೆ ಗೋಡೆಗೆ ನಿಲ್ಲಿಸಿ ಒಮ್ಮೆ ಅಳೆದುಕೊಳ್ಳಿ. 83 ಇದ್ದರೆ ಈ ತಿಂಗಳೇ ಹೋಗಿ ಬರಬಹುದು. 90 ಇದ್ದರೆ, ಇನ್ನೆರಡು ವರ್ಷ ತಡೆದರೂ ಮಗು ಕಳೆದುಕೊಳ್ಳುವುದು ಏನೂ ಇಲ್ಲ.

ನಿದ್ದೆ ಎಲ್ಲಿ?

ಹೆಚ್ಚಿನ ಮಕ್ಕಳು ಈ ಪ್ರಾಯದಲ್ಲಿ ಬೆಳಿಗ್ಗೆ ಆರೂವರೆಗೆ ಏಳುತ್ತಾರೆ, ಹನ್ನೆರಡೂವರೆ–ಒಂದಕ್ಕೆ ಊಟ ಮಾಡಿ ಮಲಗುತ್ತಾರೆ. ಪಾರ್ಕಿನ ದಿನಚರಿ ಇದಕ್ಕೆ ಪೂರ್ತಿ ವಿರುದ್ಧ. ಗೇಟು ತೆರೆಯುವುದೇ ಹತ್ತು–ಹನ್ನೊಂದಕ್ಕೆ. ನೀರಿನ ಆಟಗಳು ಹಲವು ಕಡೆ ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ಸಂಜೆ ಐದಕ್ಕೆ ಮುಗಿಯುತ್ತವೆ. ಎಲ್ಲರೂ ಬಟ್ಟೆ ಬದಲಿಸಿ ಕೊಳಕ್ಕೆ ಇಳಿಯುವ ಸರಿಯಾದ ಹೊತ್ತಿಗೆ ಮಗು ಕಣ್ಣು ಉಜ್ಜುತ್ತಾ ಬೊಬ್ಬೆ ಶುರುಮಾಡುತ್ತದೆ. ಅದು ಹಠ ಅಲ್ಲ, ನಿದ್ದೆ. ಅಂಥ ಹೊತ್ತಿನಲ್ಲಿ ಹತ್ತು ನಿಮಿಷದೊಳಗೆ ಫ್ಯಾನಿನ ಕೆಳಗೆ ಮಲಗಿಸಲು ಜಾಗ ಇದೆಯೇ ಎಂಬುದು ನನ್ನ ಮಟ್ಟಿಗೆ ಒಂದು ಪಾರ್ಕಿನ ಯೋಗ್ಯತೆಯ ಅಳತೆ. ತಳ್ಳುಗಾಡಿಯಲ್ಲಿ ಮಲಗುವ ಮಕ್ಕಳಿದ್ದಾರೆ, ಒಪ್ಪುತ್ತೇನೆ. ತೊಟ್ಟಿಲು, ಅಜ್ಜಿಯ ಮಡಿಲು ಬಿಟ್ಟು ಬೇರೆಲ್ಲೂ ಮಲಗದ ನಮ್ಮ ಕಡೆಯ ಮಕ್ಕಳನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಪಿಲಿಕುಳ: ಅಜ್ಜಿಯ ಪಕ್ಷ

ಎರಡು ವರ್ಷದ ಒಳಗಿನ ಮಗುವಿಗೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ವಾಮಂಜೂರಿನ ಹತ್ತಿರದ ಪಿಲಿಕುಳ ನಿಸರ್ಗಧಾಮದಲ್ಲಿ ಪ್ರಾಣಿ ಸಂಗ್ರಹಾಲಯ, ಕೆರೆ, ಗುತ್ತಿನ ಮನೆ (ತುಳುನಾಡಿನ ಹಳೆಯ ಕಾಲದ ದೊಡ್ಡಮನೆ), ವಿಜ್ಞಾನ ಕೇಂದ್ರ, ತಾರಾಲಯ ಎಲ್ಲ ಒಂದೇ ಆವರಣದಲ್ಲಿವೆ. ಮಾನಸ ವಾಟರ್ ಪಾರ್ಕ್ ಕೂಡ ಅಲ್ಲೇ. ಮಂಗಳೂರು ಪೇಟೆಯಿಂದ ಅರ್ಧ ಗಂಟೆ ಚಿಲ್ಲರೆ, ಉಡುಪಿಯಿಂದ ಒಂದೂವರೆ ಗಂಟೆ. ಮಗುವಿಗೆ ನಿದ್ದೆ ಬಂತೆಂದರೆ ಕಾರು ಹತ್ತಿದರೆ ಆಯಿತು, ಬೊಂದೆಲ್ ದಾಟುವಷ್ಟರಲ್ಲಿ ಮಲಗಿರುತ್ತದೆ.

ಆದರೆ ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಪ್ರಾಣಿಗಳ ಕಡೆ ಹೋಗಿ. ಆ ಹೊತ್ತಿಗೆ ಹುಲಿಗಳು ಓಡಾಡಿಕೊಂಡಿರುತ್ತವೆ. ಹನ್ನೊಂದರ ಸೆಖೆಗೆ ಅವೂ ನೆರಳು ಹುಡುಕಿ ಮಲಗುತ್ತವೆ. ಏರು–ತಗ್ಗಿನ ದಾರಿ, ಸಣ್ಣ ಕಾಲಿಗೆ ಉದ್ದ. ಎತ್ತಿಕೊಳ್ಳುವ ಸರದಿಯನ್ನು ಮೊದಲೇ ಹಂಚಿಕೊಳ್ಳಿ. 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ದೊಡ್ಡವರಿಗೆ ಸೊಗಸು. ಈ ಪ್ರಾಯದವರಿಗೆ ಬೇಡ: ಕತ್ತಲೆ, ದೊಡ್ಡ ಸದ್ದು, ಮೂಗಿನ ಮೇಲೆ ನಿಲ್ಲದ 3ಡಿ ಕನ್ನಡಕ. ಸೋಮವಾರ ನಿಸರ್ಗಧಾಮಕ್ಕೆ ರಜೆ ಎನ್ನುವುದು ಊರಿನವರಿಗೆ ಗೊತ್ತು, ರಜೆಯಲ್ಲಿ ಬಂದ ಮುಂಬೈಯ ನೆಂಟರಿಗೆ ಗೊತ್ತಿರುವುದಿಲ್ಲ.

ವಾಟರ್ ಪಾರ್ಕನ್ನು ಇನ್ನೊಂದು ದಿನಕ್ಕೆ ಇಡಿ. ಇಲ್ಲಿ ಕರಾವಳಿಗೆ ಒಂದು ಅನುಕೂಲ ಇದೆ. ಡಿಸೆಂಬರ್–ಜನವರಿಯಲ್ಲೂ ನಮ್ಮಲ್ಲಿ ಹಗಲು 30 ಡಿಗ್ರಿ ದಾಟುತ್ತದೆ, ಮಗು ನೀರಿನಿಂದ ಎದ್ದು ಬಂದರೆ ನಡುಗುವುದಿಲ್ಲ. ಅದೇ ತಿಂಗಳಲ್ಲಿ ಬೆಂಗಳೂರಿನ ಕೊಳಕ್ಕೆ ಇಳಿಸಿ ನೋಡಿ, ಸೆಖೆಯಲ್ಲಿ ಬೆಳೆದ ನಮ್ಮ ಮಕ್ಕಳ ತುಟಿ ನೀಲಿಯಾಗುತ್ತದೆ.

ಇದೇ ಸಾಲಿಗೆ ಜಾತ್ರೆಯನ್ನೂ ಸೇರಿಸುತ್ತೇನೆ. ಡಿಸೆಂಬರಿನಿಂದ ಮೇವರೆಗೆ ಯಾವುದಾದರೊಂದು ದೇವಸ್ಥಾನದ ಗದ್ದೆಯಲ್ಲಿ ತಿರುಗುವ ತೊಟ್ಟಿಲು ನಿಂತಿರುತ್ತದೆ. ಕೈಯಲ್ಲಿ ತಿರುಗಿಸುವ ಸಣ್ಣ ಕುದುರೆಗಳು, ಗಾಳಿ ತುಂಬಿದ ಜಾರುಬಂಡಿ, ಚುರುಮುರಿ, ಐಸ್‌ಕ್ಯಾಂಡಿ. ಒಂದೂವರೆ ಗಂಟೆಯಲ್ಲಿ ಮನೆ. ದೊಡ್ಡ ತೊಟ್ಟಿಲಿಗೆ ಮಾತ್ರ ಮಡಿಲಲ್ಲಿ ಕೂರಿಸಿಕೊಂಡು ಹತ್ತಬೇಡಿ. ಹಲವದರಲ್ಲಿ ಅಡ್ಡಕ್ಕೆ ಒಂದು ಸರಳು ಬಿಟ್ಟರೆ ಬೆಲ್ಟ್ ಇರುವುದಿಲ್ಲ. ದೊಡ್ಡ ಸದ್ದಿನ ಕದಿನ ಸಿಡಿಸುವ ಹೊತ್ತು ಯಾವಾಗ ಎಂದೂ ಕೇಳಿಟ್ಟುಕೊಳ್ಳಿ.

ಗಡಿ ದಾಟಿ: ವಿಸ್ಮಯ

ಕಣ್ಣೂರು ಜಿಲ್ಲೆಯ ತಳಿಪರಂಬದ ಹತ್ತಿರ, ಪರಶ್ಶಿನಿಕಡವಿನ ಮಗ್ಗುಲಲ್ಲಿ ವಿಸ್ಮಯ ಪಾರ್ಕ್ ಇದೆ. ಮಂಗಳೂರಿನಿಂದ ಸುಮಾರು 130 ಕಿ.ಮೀ., ಘಟ್ಟ ಇಲ್ಲ. ಈ ಕೊನೆಯ ಎರಡು ಪದಗಳೇ ಅದರ ದೊಡ್ಡ ಗುಣ, ಕಾರಿನಲ್ಲಿ ವಾಂತಿ ಮಾಡುವ ಮಗುವಿನ ತಾಯಿಯನ್ನು ಕೇಳಿ. ಪರಶ್ಶಿನಿಕಡವಿನ ಮುತ್ತಪ್ಪನ್ ದೇವರ ಕ್ಷೇತ್ರಕ್ಕೆ ಹೋಗುವ ಅಭ್ಯಾಸ ಇರುವ ಮನೆಗಳಿಗೆ ಎರಡೂ ಒಟ್ಟಿಗೆ ಆಗುತ್ತದೆ. ಅಲ್ಲಿ ನಾಯಿಗಳಿಗೂ ದೇವರ ಸನ್ನಿಧಿಯಲ್ಲಿ ಗೌರವ. ಅಂಗಳದಲ್ಲಿ ಅವು ಆರಾಮವಾಗಿ ಮಲಗಿರುವುದನ್ನು ನೋಡುವುದು ಮಕ್ಕಳಿಗೆ ಯಾವ ರೈಡಿಗಿಂತ ಕಡಿಮೆ ಇಲ್ಲ. ಪ್ರಸಾದಕ್ಕೆ ಚಹಾದ ಜೊತೆ ಬೇಯಿಸಿದ ಹೆಸರುಕಾಳು, ತೆಂಗಿನಕಾಯಿ ಚೂರು ಕೊಡುತ್ತಾರೆ. ಕಾಯಿ ಚೂರನ್ನು ಸಣ್ಣ ಮಗುವಿನ ಕೈಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ರಾತ್ರಿ ಕಣ್ಣೂರಿನಲ್ಲೋ ತಳಿಪರಂಬದಲ್ಲೋ ತಂಗಿದರೆ ಚೆಂದ. ಬೆಳಿಗ್ಗೆ ಹೋಗಿ ರಾತ್ರಿ ವಾಪಸು ಬರುವ ಲೆಕ್ಕದಲ್ಲಿ ಹೊರಟರೆ ಮಗುವಿನ ದಿನದ ಅರ್ಧ ಪಾಲು ಸೀಟಿನಲ್ಲೇ ಕಳೆಯುತ್ತದೆ.

ಮೈಸೂರು: ನನ್ನ ಓಟು

ಎರಡೂವರೆ ದಾಟಿದ, ನಾಲ್ಕು ಮಾತು ಕಲಿತ ಮಗುವಿಗೆ ಮೊದಲ ದೂರದ ಪ್ರವಾಸ ಎಂದರೆ ನಾನು ಮೈಸೂರು ಎನ್ನುತ್ತೇನೆ. ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಮೇಟಗಳ್ಳಿಯಲ್ಲಿ, ಪೇಟೆಯ ಅಂಚಿನಲ್ಲೇ ಇದೆ. ಹೋಟೆಲಿನಿಂದ ಆಟೊದಲ್ಲಿ ಹೋಗಿ, ಮಗು ಸುಸ್ತಾದಾಗ ಆಟೊದಲ್ಲಿ ವಾಪಸು ಬರಬಹುದು. ವಂಡರ್‌ಲಾದಷ್ಟು ದೊಡ್ಡದಲ್ಲ ಎನ್ನುವುದು ಹದಿಹರೆಯದವರ ದೂರು. ಎರಡೂವರೆ ವರ್ಷದವರಿಗೆ ಅದೇ ಒಳ್ಳೆಯದು, ಒಂದು ಆಟದಿಂದ ಇನ್ನೊಂದಕ್ಕೆ ಎತ್ತಿಕೊಂಡು ಮೈಲಿಗಟ್ಟಲೆ ನಡೆಯಬೇಕಾಗಿಲ್ಲ.

ಆದರೆ ಮೈಸೂರಿಗೆ ನನ್ನ ಓಟು ಬೀಳುವುದು ಪಾರ್ಕಿಗಾಗಿ ಅಲ್ಲ, ಪಾರ್ಕು ಕೈಕೊಟ್ಟರೂ ಪ್ರವಾಸ ಹಾಳಾಗದು ಎಂಬುದಕ್ಕಾಗಿ. ಮಳೆ ಬಂತೇ, ಮಗುವಿಗೆ ಶೀತವಾಯಿತೇ, ನೀರು ಕಂಡರೆ ಹೆದರಿತೇ? 1892ರ ಚಾಮರಾಜೇಂದ್ರ ಮೃಗಾಲಯ ಇದೆ, ಜಿರಾಫೆ, ಆನೆ ಎಲ್ಲ ಪಟದಲ್ಲಿ ಕಂಡದ್ದು ಎದುರಿಗೆ. ರೈಲ್ವೆ ನಿಲ್ದಾಣದ ಹತ್ತಿರವೇ 1979ರಿಂದ ಇರುವ ರೈಲು ಮ್ಯೂಸಿಯಂ ಇದೆ. ಹಳೆಯ ಇಂಜಿನ್ ಹತ್ತಿ ಇಳಿಯುವುದು, ಪುಟಾಣಿ ರೈಲಿನಲ್ಲಿ ಒಂದು ಸುತ್ತು. ರೈಲಿನ ಹುಚ್ಚು ಇರುವ ಮಗುವಾದರೆ ಅಲ್ಲಿಂದ ಕದಲುವುದಿಲ್ಲ. ಭಾನುವಾರ ಸಂಜೆ ಅರಮನೆಯ ದೀಪ. ಮೃಗಾಲಯಕ್ಕೆ ಮಂಗಳವಾರ ರಜೆ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಮೃಗಾಲಯ, ಭಾನುವಾರ ಬೆಳಿಗ್ಗೆ ಪಾರ್ಕು, ಸಂಜೆ ಅರಮನೆ ಎಂದು ಹಾಕಿಕೊಂಡರೆ ಎರಡು ಮಧ್ಯಾಹ್ನವೂ ರೂಮಿನಲ್ಲಿ ನಿದ್ದೆಗೆ ಸಿಗುತ್ತವೆ. ವಾರದ ನಡುವೆ ಹೋಗುವಂತಿದ್ದರೆ ಪಾರ್ಕಿನ ರಶ್ ಇನ್ನೂ ಕಡಿಮೆ, ಅರಮನೆಯ ದೀಪ ಮಾತ್ರ ತಪ್ಪುತ್ತದೆ.

ದಸರಾದಲ್ಲಿ ಮಾತ್ರ ಬೇಡ. ಆ ಜನಸಾಗರದಲ್ಲಿ ಮಗುವಿಗೆ ಕಾಣುವುದು ಎದುರಿನವರ ಸೊಂಟ ಒಂದೇ.

ಬಿಡದಿಯ ವಂಡರ್‌ಲಾ: ಯಾರಿಗೆ, ಯಾವಾಗ

2005ರಲ್ಲಿ ತೆರೆದ ಬೆಂಗಳೂರಿನ ವಂಡರ್‌ಲಾ ಇರುವುದು ಬಿಡದಿಯ ಹತ್ತಿರ, ಮೈಸೂರು ರಸ್ತೆಯ ಕಡೆ. ಆಟ, ಸ್ವಚ್ಛತೆ, ವ್ಯವಸ್ಥೆಯಲ್ಲಿ ಈ ಪಟ್ಟಿಯ ನಮ್ಮ ದೇಶದ ಪಾರ್ಕುಗಳ ಪೈಕಿ ಅದೇ ಮುಂದು. ಸಣ್ಣವರಿಗೆ ಬೇರೆ ಕೊಳ, ಬೇರೆ ರೈಡ್‌ಗಳೂ ಇವೆ. ಆದರೆ ಮನೆಯಲ್ಲಿ ಇರುವುದು ಎರಡು ವರ್ಷದ ಒಂದೇ ಮಗು ಎಂದಾದರೆ ನಾನು ಹೋಗುವುದಿಲ್ಲ. ಹತ್ತು–ಹನ್ನೆರಡು ವರ್ಷದ ಅಕ್ಕನೋ ಭಾವನ ಮಕ್ಕಳೋ ಜೊತೆಗೆ ಇದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆಗಲೂ ಒಂದು ಷರತ್ತು: ಪಾರ್ಕಿಗೆ ತಾಗಿಕೊಂಡೇ ಅವರದ್ದೇ ರೆಸಾರ್ಟ್ ಇದೆ, ರೂಮನ್ನು ಅಲ್ಲೇ ಮಾಡಿ. ಖರ್ಚು ಹೆಚ್ಚು. ಆದರೆ ಒಂದು ಗಂಟೆಗೆ ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸಿ, ಮೂರೂವರೆಗೆ ಮತ್ತೆ ಕೊಳಕ್ಕೆ ಕರೆತರಬಹುದು. ವೈಟ್‌ಫೀಲ್ಡಿನಲ್ಲಿರುವ ಭಾವನ ಮನೆಯಿಂದ ಹೋಗಿಬರುತ್ತೇವೆ ಎಂದು ಹೊರಟರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಆ ಟ್ರಾಫಿಕ್ ವಿಷಯ ಹೇಳಿ ಸುಖವಿಲ್ಲ ಮಾರ್ರೆ.

ವಿಮಾನದ ಆಸೆಯೂ ಇಲ್ಲಿ ಮೋಸ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ಬೆಂಗಳೂರಿಗೆ ಒಂದು ಗಂಟೆಯ ಹಾರಾಟ ನಿಜ. ಇಳಿಯುವುದು ದೇವನಹಳ್ಳಿಯಲ್ಲಿ, ಪಾರ್ಕು ಇರುವುದು ಬೆಂಗಳೂರಿನ ಆಚೆ ಬದಿಯಲ್ಲಿ. ಉಳಿಸಿದ ಸಮಯ ರಸ್ತೆಯಲ್ಲಿ ಕರಗುತ್ತದೆ.

ಕೊಳಕ್ಕೆ ಇಳಿಯಲು ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು, ಹತ್ತಿಯ ಚಡ್ಡಿ–ಅಂಗಿ ನಡೆಯುವುದಿಲ್ಲ. ಅಮ್ಮಂದಿರಿಗೂ ಇದೇ ನಿಯಮ. ಅಲ್ಲೇ ಕೊಂಡರೆ ದುಬಾರಿ, ಊರಿನಿಂದಲೇ ತನ್ನಿ. ಸಾಮಾನ್ಯ ಡೈಪರ್ ನೀರು ಕುಡಿದು ಮಣಭಾರವಾಗುತ್ತದೆ. ಈಜಿಗೆಂದೇ ಬೇರೆ ಡೈಪರ್ ಸಿಗುತ್ತದೆ, ಅದನ್ನು ಹಾಕಿ.

ದುಬೈ, ಅಬುಧಾಬಿ

ಮಂಗಳೂರಿನವರಿಗೆ ಗಲ್ಫ್ ದೂರದ ದೇಶ ಅಲ್ಲ. ಬಜಪೆಯಿಂದ ನೇರ ವಿಮಾನ, ಸುಮಾರು ನಾಲ್ಕು ಗಂಟೆ. ಇಳಿದರೆ ಅಲ್ಲಿ ಚಿಕ್ಕಮ್ಮನ ಮನೆ, ಕುಚ್ಚಲಕ್ಕಿ ಗಂಜಿ. ಹಾಗಾಗಿ ಬೇರೆ ಊರಿನವರಿಗೆ ಹೇಳುವ “ಸಣ್ಣ ಮಗುವನ್ನು ವಿದೇಶಕ್ಕೆ ಒಯ್ಯಬೇಡಿ” ಎಂಬ ಮಾತನ್ನು ನಮ್ಮವರಿಗೆ ಹಾಗೆಯೇ ಹೇಳಲು ಬರುವುದಿಲ್ಲ. ನಿಜ ಹೇಳಬೇಕೆಂದರೆ, ಶಿರಾಡಿ ಘಾಟಿಯ ತಿರುವುಗಳಿಗಿಂತ ನಾಲ್ಕು ಗಂಟೆಯ ವಿಮಾನ ಮಗುವಿಗೆ ಸುಲಭ.

ವಯಸ್ಸಿನ ಗೆರೆ ಇಲ್ಲಿ ಬೇರೆ ಥರ. ಎರಡು ತುಂಬುವವರೆಗೆ ವಿಮಾನದಲ್ಲಿ ಮಡಿಲಲ್ಲೇ ಕೂರಿಸಿಕೊಳ್ಳಬಹುದು, ದರ ಅಲ್ಪ. ತುಂಬಿದ ಮೇಲೆ ಸ್ವಂತ ಸೀಟು ಕಡ್ಡಾಯ. 2016ರಲ್ಲಿ ತೆರೆದ ಲೆಗೋಲ್ಯಾಂಡ್ ದುಬೈಯಲ್ಲಿ ಮೂರು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಈ ಪಟ್ಟಿಯಲ್ಲಿ ಸಣ್ಣ ಮಕ್ಕಳನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ ಪಾರ್ಕು ಎಂದರೆ ಇದೊಂದೇ. ಎರಡರಿಂದ ಹನ್ನೆರಡು ವರ್ಷದವರಿಗೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ದೊಡ್ಡ ಇಟ್ಟಿಗೆಗಳ ಡುಪ್ಲೊ ಭಾಗ ಪೂರ್ತಿ ಪುಟಾಣಿಗಳದ್ದು. ಆದರೆ ಬಹುಪಾಲು ಬಯಲಿನಲ್ಲಿದೆ, ಮೇ ಬಂದರೆ ಕಾಲಿಡಲಾಗದ ಬಿಸಿಲು. ಇರುವುದೂ ಅಬುಧಾಬಿಗೆ ಹೋಗುವ ದಾರಿಯಲ್ಲಿ. ನೆಂಟರ ಮನೆ ಶಾರ್ಜಾದಲ್ಲೋ ಅಜ್ಮಾನಿನಲ್ಲೋ ಇದ್ದರೆ ಹೋಗುವುದಕ್ಕೇ ಒಂದು ಗಂಟೆ ಮೇಲಾಗುತ್ತದೆ. ಬೇಸಿಗೆ ರಜೆಯಲ್ಲೇ ಹೋಗಬೇಕಾದ ಅನಿವಾರ್ಯ ಇದ್ದರೆ ಪೂರ್ತಿ ಒಳಾಂಗಣದ ಪಾರ್ಕು ಆರಿಸಿ: ದುಬೈಯ ಐಎಂಜಿ ವರ್ಲ್ಡ್ಸ್, ಅಥವಾ ಅಬುಧಾಬಿಯ ಯಾಸ್ ದ್ವೀಪದಲ್ಲಿ 2018ರಲ್ಲಿ ಶುರುವಾದ ವಾರ್ನರ್ ಬ್ರದರ್ಸ್ ವರ್ಲ್ಡ್. ಎರಡರಲ್ಲಿ ನಾನು ಎರಡನೆಯದನ್ನು ಆರಿಸುತ್ತೇನೆ. ಟಾಮ್ ಅಂಡ್ ಜೆರಿ, ಬಗ್ಸ್ ಬನ್ನಿ ಈ ಪ್ರಾಯದ ಮಕ್ಕಳಿಗೂ ಗುರುತಿನವರು. ಅದೇ ದ್ವೀಪದ ಫೆರಾರಿ ವರ್ಲ್ಡ್ ಹೆಸರು ಕೇಳಿ ಅಪ್ಪಂದಿರು ಕಣ್ಣರಳಿಸಬಹುದು. ಗಂಟೆಗೆ 240 ಕಿ.ಮೀ. ವೇಗದ ಆ ರೋಲರ್ ಕೋಸ್ಟರ್ ಈ ಪ್ರವಾಸದ್ದಲ್ಲ.

ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ವಿಷಯ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಿನಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ಐದಕ್ಕೇ ಎದ್ದು ಕೂರುತ್ತದೆ. ಪಾರ್ಕಿನ ಗೇಟು ತೆರೆದು ಒಂದೆರಡು ಆಟ ಆಡುವಷ್ಟರಲ್ಲಿ ಅದರ ಮಧ್ಯಾಹ್ನದ ನಿದ್ದೆಯ ಹೊತ್ತು. ಸಂಜೆ ಏಳೂವರೆಗೆ, ಆ ಊರು ಇನ್ನೂ ಹೊರಗೆ ಹೊರಡುವ ಮುಂಚೆ, ಮಗು ಹೆಗಲ ಮೇಲೆ ಮಲಗಿರುತ್ತದೆ. ಬಂದ ಮರುದಿನವೇ ಪಾರ್ಕು ಬೇಡ, ಎರಡು–ಮೂರು ದಿನ ಕಳೆಯಲಿ. ಸಿಂಗಾಪುರ, ಹಾಂಗ್‌ಕಾಂಗ್ ಕಡೆ ಹೋದರೆ ಇದು ತಿರುವುಮುರುವು: ಎರಡೂವರೆ ಗಂಟೆ ಮುಂದೆ, ಮಗು ತಡವಾಗಿ ಎದ್ದು ಪಾರ್ಕಿನ ಹೊತ್ತಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ, ರಾತ್ರಿಯ ಪಟಾಕಿ ಕೂಡ ನೋಡಬಹುದು. ಆದರೆ ಅಲ್ಲಿ ಚಿಕ್ಕಮ್ಮನ ಮನೆ ಇಲ್ಲವಲ್ಲ.

ಮಗುವಿಗೂ ಪಾಸ್‌ಪೋರ್ಟ್, ವೀಸಾ ಬೇಕು. ಔಷಧಿಯ ವಿಷಯದಲ್ಲಿ ಅಲ್ಲಿಯ ಕಾನೂನು ಬಿಗಿ, ನಮ್ಮಲ್ಲಿ ಸಿಗುವ ಕೆಲವು ಕೆಮ್ಮಿನ ಔಷಧಗಳನ್ನು ಒಯ್ಯುವಂತಿಲ್ಲ. ಮಕ್ಕಳ ಡಾಕ್ಟರ ಚೀಟಿ ಸಮೇತ, ಬೇಕಾದಷ್ಟನ್ನೇ ಒಯ್ಯಿರಿ.

ಘಟ್ಟ ಹತ್ತುವ ಮುಂಚೆ

ಮೈಸೂರಿಗೆ ಕಾರಿನಲ್ಲಾದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ದಾರಿ; ಸುಮಾರು 250 ಕಿ.ಮೀ. ಸಂಪಾಜೆಯಿಂದ ಮಡಿಕೇರಿಯ ತಿರುವುಗಳಲ್ಲಿ ಹೊಟ್ಟೆ ತುಂಬಿದ ಮಗು ವಾಂತಿ ಮಾಡದಿದ್ದರೆ ಆಶ್ಚರ್ಯ. ಸುಳ್ಯದಲ್ಲಿ ಇಡ್ಲಿ ತಿನ್ನಿಸಿ ಕೂಡಲೇ ಹತ್ತಬೇಡಿ, ಒಂದು ಗಂಟೆ ಬಿಡಿ. ಮೊಬೈಲಿನಲ್ಲಿ ಕಾರ್ಟೂನ್ ತೋರಿಸಿದರೆ ತಲೆಸುತ್ತು ಇನ್ನಷ್ಟು. ವಾಂತಿ ನಿಲ್ಲುವ ಮಾತ್ರೆ ದೊಡ್ಡವರದ್ದನ್ನು ತುಂಡು ಮಾಡಿ ಕೊಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗೆ ಉಂಟು, ಡಾಕ್ಟರನ್ನು ಕೇಳದೆ ಖಂಡಿತ ಕೂಡದು.

ರೈಲಿನಲ್ಲಾದರೆ ಮುರುಡೇಶ್ವರ ಎಕ್ಸ್‌ಪ್ರೆಸ್ ಉಡುಪಿ, ಮಂಗಳೂರು ಸೆಂಟ್ರಲ್, ಮೈಸೂರು ಮೂರನ್ನೂ ಮುಟ್ಟಿ ಬೆಂಗಳೂರಿಗೆ ಹೋಗುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್ ಮೈಸೂರಿಗೆ ಹೋಗುವುದಿಲ್ಲ, ನೆನಪಿರಲಿ. ಐದು ವರ್ಷದ ಒಳಗಿನವರಿಗೆ ಬರ್ತ್ ಬೇಡ ಎಂದರೆ ಟಿಕೆಟ್ ಬೇಡ. ಕೆಳಗಿನ ಬರ್ತ್ ಸಿಕ್ಕಿದರೆ ಮಗು ಗೋಡೆಯ ಕಡೆ, ಅಮ್ಮ ಈಚೆ. ಮೈಸೂರು ಬರುವುದು ಇನ್ನೂ ಕತ್ತಲಿರುವಾಗ. ಹೋಟೆಲಿನವರು ಮಧ್ಯಾಹ್ನದವರೆಗೆ ರೂಮು ಕೊಡದೆ ಲಾಬಿಯಲ್ಲಿ ಕೂರಿಸಿದರೆ ರಗಳೆ. ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ, ಆ ಒಂದು ದಿನದ ಬಾಡಿಗೆ ದಂಡ ಅಲ್ಲ.

ಮಳೆಗಾಲದಲ್ಲಿ ಘಟ್ಟವನ್ನು ನಂಬಲಾಗದು. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ನಿಂತಿದ್ದವು. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಪ್ರತಿ ವರ್ಷದ ಸುದ್ದಿ. ಹಾಗೆಂದು ಏಪ್ರಿಲ್–ಮೇ ರಜೆಗೆ ಕಾಯಬೇಕಾಗಿಲ್ಲ. ಶಾಲೆಗೆ ಸೇರದ ಮಗುವಿಗೆ ಯಾವ ಬುಧವಾರವೂ ರಜೆಯೇ. ಬಿಡದಿಗೆ ಹೋಗುವವರು ಫೆಬ್ರವರಿಯ ಕೊನೆಯ ಒಂದು ವಾರದ ದಿನ ಆರಿಸಿ: ಚಳಿ ಹೋಗಿರುತ್ತದೆ, ಪರೀಕ್ಷೆ ಹತ್ತಿರ ಬಂದಿರುವುದರಿಂದ ಶಾಲಾ ಮಕ್ಕಳ ರಶ್ ಕಡಿಮೆ, ಕ್ಯೂನಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ. ದುಬೈಗೆ ನವೆಂಬರಿನಿಂದ ಫೆಬ್ರವರಿ, ಅದರಲ್ಲಿ ಕ್ರಿಸ್‌ಮಸ್–ಹೊಸವರ್ಷದ ವಾರ ಬಿಟ್ಟು.

ಚೀಲದಲ್ಲಿ ಏನಿರಬೇಕು ಎಂದು ಪಟ್ಟಿ ಕೊಡುವುದಿಲ್ಲ, ಪ್ರತಿ ಅಜ್ಜಿಗೂ ಗೊತ್ತು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡದಿದ್ದರೂ ಮಗುವಿನ ಊಟವನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಫ್ಲಾಸ್ಕಿನಲ್ಲಿ ರಾಗಿ ಮಣ್ಣಿ, ಎರಡು ನೇಂದ್ರ ಬಾಳೆಹಣ್ಣು ಇದ್ದರೆ ಮಧ್ಯಾಹ್ನ ಸಾಗುತ್ತದೆ. ಮಗುವಿನ ಅಂಗಿಯ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಪಿನ್ ಮಾಡಿ. ಕೊಳಕ್ಕೆ ಇಳಿಯುವಾಗ ಚೀಟಿ ಉಳಿಯುವುದಿಲ್ಲ, ಆಗ ಬಾಲ್‌ಪೆನ್ನಿನಲ್ಲಿ ತೋಳಿನ ಮೇಲೆಯೇ ಬರೆಯಿರಿ. ಮಧ್ಯೆ ಒಮ್ಮೆ ಅಳಿಸಿದೆಯೇ ಎಂದು ನೋಡಿ ತಿದ್ದಿಕೊಳ್ಳಿ.